ಆಂಗ್‌ಸ್ಟ್ರಾಮ್, ಪಿಕೋಮೀಟರ್, ಫರ್ಮಿ: ಇಷ್ಟೊಂದು ಯೂನಿಟ್ ಯಾಕೆ ಇಟ್ಕೊಂಡಿದಾರೆ?

ಓದ್ತಾ_ಇದೀನಿ

ಎಲ್ರಿಗೂ ನಮಸ್ಕಾರ. ಒಂದು ಡೌಟ್ ಬಹಳ ದಿನದಿಂದ ತಲೇಲಿ ಕೊರೀತಾ ಇದೆ, ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ. ಇಂಗಾಲ-ಇಂಗಾಲದ ಒಂಟಿ ಬಂಧದ ಉದ್ದ ನನ್ನ ಹತ್ರ ಇರೋ ಒಂದು ಪುಸ್ತಕದಲ್ಲಿ 1.54 ಆಂಗ್‌ಸ್ಟ್ರಾಮ್, ಇನ್ನೊಂದರಲ್ಲಿ 154 ಪಿಕೋಮೀಟರ್, ಮತ್ತೊಂದರಲ್ಲಿ 0.154 ನ್ಯಾನೋಮೀಟರ್. ಮೂರೂ ಒಂದೇ ಅಂತ ಲೆಕ್ಕ ಹಾಕಿದ್ರೆ ಗೊತ್ತಾಗತ್ತೆ ಸರಿ, ಆದ್ರೆ ಅದೇ ಪುಸ್ತಕದಲ್ಲಿ ನ್ಯೂಕ್ಲಿಯಸ್ ಪಾಠಕ್ಕೆ ಬಂದ ತಕ್ಷಣ ಫರ್ಮಿ ಅಂತ ಶುರು ಮಾಡ್ತಾರೆ, ಬೆಳಕಿನ ಪಾಠದಲ್ಲಿ ನ್ಯಾನೋಮೀಟರ್, ಜೀವಕೋಶದ ಪಾಠದಲ್ಲಿ ಮೈಕ್ರಾನ್, ಕೊನೇಲಿ ಎಲ್ಲೋ ಒಂದು ಕಡೆ ಪ್ಲಾಂಕ್ ಉದ್ದ ಅಂತ ಬೇರೆ ಬರತ್ತೆ, ಇದಕ್ಕಿಂತ ಚಿಕ್ಕದು ಇಲ್ವೇ ಇಲ್ಲ ಅಂತ ಒಂದು ಸಾಲು ಬರೆದು ಮುಂದಕ್ಕೆ ಹೋಗಿಬಿಡ್ತಾರೆ.

ನನ್ನ ಪ್ರಶ್ನೆ ಇಷ್ಟು. ಮೀಟರ್ ಅಂತ ಒಂದು ಇದ್ದ ಮೇಲೆ ಎಲ್ಲಾನೂ ಅದರಲ್ಲೇ, 10ರ ಘಾತ ಹಾಕಿ ಬರೆದ್ರೆ ಆಗಲ್ವಾ? ಆಂಗ್‌ಸ್ಟ್ರಾಮ್ ಎಸ್‌ಐ ಅನ್ನೋ ಅಂತರರಾಷ್ಟ್ರೀಯ ಅಳತೆ ಪದ್ಧತಿಯ ಯೂನಿಟ್ಟೇ ಅಲ್ಲ ಅಂತಾರೆ, ಆದ್ರೂ ಎಲ್ಲಾ ಕಡೆ ಕಾಣತ್ತೆ, ಅದ್ಯಾಕೆ? ಮತ್ತೆ ಇನ್ನೊಂದು, ಕಣ್ಣಿಗೂ ಕಾಣ್ದೆ ಮೈಕ್ರೋಸ್ಕೋಪಿಗೂ ಸಿಗದೆ ಇರೋ ಉದ್ದವನ್ನ 1.54 ಅಂತ ಪಾಯಿಂಟ್ ಹಾಕಿ ಹೇಳ್ತಾರಲ್ಲ, ಸ್ಕೇಲ್ ಇಟ್ಟು ಅಳೆದವರು ಯಾರು, ಹೇಗೆ?

ಹರಳು_ಲ್ಯಾಬ್

ನಾನು ಎಕ್ಸ್-ರೇ ಡಿಫ್ರಾಕ್ಷನ್ (ಹರಳಿನ ಮೇಲೆ ಎಕ್ಸ್-ರೇ ಬಿಟ್ಟು ಅದು ಯಾವ ಕೋನಕ್ಕೆ ಚದುರತ್ತೆ ಅಂತ ನೋಡೋ) ಮೆಷಿನ್ ಮುಂದೆ ಕೂತು ಕೆಲಸ ಮಾಡೋಳು, ಹಾಗಾಗಿ ಆಂಗ್‌ಸ್ಟ್ರಾಮ್ ಪರವಾಗಿ ನಾನೇ ಮಾತಾಡ್ತೀನಿ. ನಿಮ್ಮ ಕೊನೇ ಪ್ರಶ್ನೆಯಿಂದ ಶುರು ಮಾಡ್ತೀನಿ, ಯಾಕಂದ್ರೆ ಅದು ಗೊತ್ತಾದ್ರೆ ಮೊದಲನೇದು ತಾನಾಗೇ ಗೊತ್ತಾಗತ್ತೆ.

ಯಾವುದನ್ನೇ ಅಳೀಬೇಕಾದ್ರೂ ಅಳೆಯೋ ಸಾಧನ ಆ ವಸ್ತುವಿನ ಗಾತ್ರಕ್ಕೆ ಹತ್ತಿರ ಇರಬೇಕು. ಸೌದೆ ತೂಗೋ ತಕ್ಕಡೀಲಿ ಚಿನ್ನ ತೂಗಕ್ಕಾಗಲ್ಲ. ನಮ್ಮ ಕಣ್ಣಿಗೆ ಕಾಣೋ ಬೆಳಕಿನ ಅಲೆಯುದ್ದ ಸುಮಾರು 400ರಿಂದ 700 ನ್ಯಾನೋಮೀಟರ್, ಆದ್ದರಿಂದ ಸಾಮಾನ್ಯ ಬೆಳಕಿನ ಮೈಕ್ರೋಸ್ಕೋಪ್ ಎಷ್ಟೇ ಒಳ್ಳೇದಾಗಿದ್ರೂ ಹೆಚ್ಚು ಕಮ್ಮಿ 200 ನ್ಯಾನೋಮೀಟರ್ ಹತ್ರ ಬಂದು ನಿಂತುಬಿಡತ್ತೆ, ಅದಕ್ಕಿಂತ ಹತ್ತಿರ ಇರೋ ಎರಡು ಚುಕ್ಕಿ ಒಂದೇ ಆಗಿ ಕಾಣತ್ತೆ. ಇದನ್ನ ಅರ್ನ್ಸ್ಟ್ ಅಬೆ 1873ರಲ್ಲೇ ಹೇಳಿಬಿಟ್ಟಿದ್ರು. ಕೆಂಪು ರಕ್ತಕಣ 7-8 ಮೈಕ್ರಾನ್, ಅಂದ್ರೆ ಏಳೆಂಟು ಸಾವಿರ ನ್ಯಾನೋಮೀಟರ್, ಅದು ಚೆನ್ನಾಗಿ ಕಾಣತ್ತೆ. ಪರಮಾಣುಗಳ ನಡುವಿನ ದೂರ ಬೆಳಕಿನ ಅಲೆಗಿಂತ ಸಾವಿರಾರು ಪಟ್ಟು ಚಿಕ್ಕದು, ಆ ದಾರೀಲಿ ಆಸೆನೇ ಇಲ್ಲ.

ಎಕ್ಸ್-ರೇ ಅಲೆಯುದ್ದ ಮಾತ್ರ ಸರಿಯಾಗಿ ಅದೇ ಅಳತೇಲಿ ಇದೆ. ನಮ್ಮ ಮೆಷಿನ್ನಲ್ಲಿ ತಾಮ್ರದ ಟ್ಯೂಬ್ ಇದೆ, ಅದರಿಂದ ಬರೋ ಮುಖ್ಯ ಕಿರಣದ ಅಲೆಯುದ್ದ 1.5406 ಆಂಗ್‌ಸ್ಟ್ರಾಮ್. ನಿಮ್ಮ ಇಂಗಾಲದ ಬಂಧ 1.54! ಎರಡೂ ಹೀಗೆ ಹೊಂದಿಕೊಂಡಿರೋದು ಕಾಕತಾಳೀಯ, ಆದ್ರೆ ಎಕ್ಸ್-ರೇ ಯಾಕೆ ಈ ಕೆಲಸಕ್ಕೆ ಬರತ್ತೆ ಅನ್ನೋದನ್ನ ಇದಕ್ಕಿಂತ ಚೆನ್ನಾಗಿ ತೋರಿಸಕ್ಕಾಗಲ್ಲ. ಈಗ ಸಿಲಿಕಾನ್ ಪುಡಿ ತಗೊಂಡು ಹೋಲ್ಡರ್ ಮೇಲೆ ಸಮ ಮಾಡಿ ಇಟ್ಟು ಸ್ಕ್ಯಾನ್ ಹಾಕಿದ್ರೆ ಮೊದಲು ಸ್ವಲ್ಪ ಹೊತ್ತು ಗ್ರಾಫ್ ಮಟ್ಟಸವಾಗಿ ಹೋಗ್ತಾ ಇರತ್ತೆ, ಡಿಟೆಕ್ಟರ್ 28.44 ಡಿಗ್ರಿಗೆ ಬಂದ ಕೂಡಲೇ ಗೀಟು ನೆಟ್ಟಗೆ ಮೇಲೆದ್ದು ಮತ್ತೆ ಕೆಳಕ್ಕೆ ಬರತ್ತೆ. ಆ ಕೋನದ ಅರ್ಧ 14.22, ಅದರ ಸೈನ್ 0.2456. ಬ್ರಾಗ್ ಸೂತ್ರ ಏನು ಹೇಳತ್ತೆ, ಅಲೆಯುದ್ದ ಅಂದ್ರೆ ಹರಳಿನ ಪರಮಾಣು ಪದರಗಳ ನಡುವಿನ ದೂರದ ಎರಡರಷ್ಟನ್ನ ಸೈನ್‌ನಿಂದ ಗುಣಿಸಿದ್ದು. ತಿರುಗಿಸಿ ಹಾಕಿದ್ರೆ ಪದರಗಳ ದೂರ 3.136 ಆಂಗ್‌ಸ್ಟ್ರಾಮ್ ಬರತ್ತೆ. ನೋಡಿ, ನಾನು ಅಳೆದಿದ್ದು ಕೋನ ಅಷ್ಟೇ. ಕೋನ ಅಳೆಯೋದು ಸುಲಭ, ಬಹಳ ನಿಖರವಾಗೂ ಅಳೀಬಹುದು, ಉದ್ದ ಅದರಿಂದ ಬಿದ್ದುಬಿಡತ್ತೆ. ಸ್ಕೇಲ್ ಇಟ್ಟವರು ಯಾರೂ ಇಲ್ಲ.

ಇನ್ನು ಯೂನಿಟ್. ದಿನಾ ಕೈಲಿ ಆಡೋ ಸಂಖ್ಯೆ 1.54, 3.14, 5.43 ಹೀಗೆ ಇದ್ರೆ ಮನಸ್ಸಲ್ಲಿ ನಿಲ್ಲತ್ತೆ. ಹೈಡ್ರೋಜನ್ ಅಣುವಿನ ಬಂಧ 0.74, ನೀರಲ್ಲಿ ಆಮ್ಲಜನಕ-ಹೈಡ್ರೋಜನ್ 0.96, ಬೆಂಜೀನ್ ಬಂಧ 1.39, ಎಲ್ಲಾ ಒಂದರ ಆಸುಪಾಸು. ಪರಮಾಣು ಅಂದ್ರೆ ಹೆಚ್ಚು ಕಮ್ಮಿ ಒಂದೆರಡು ಆಂಗ್‌ಸ್ಟ್ರಾಮ್. ಪ್ರೋಟೀನ್ ರಚನೆಗಳ ಡೇಟಾ ಫೈಲ್ ಯಾವುದನ್ನಾದ್ರೂ ತೆಗೆದು ನೋಡಿ, ಒಂದೊಂದು ಪರಮಾಣುವಿನ ಮುಂದೆ ಮೂರು ಸಂಖ್ಯೆ ಇರತ್ತೆ, ದಶಾಂಶದ ಆಚೆ ಮೂರು ಅಂಕಿ, ಎಲ್ಲಾ ಆಂಗ್‌ಸ್ಟ್ರಾಮಲ್ಲೇ. "2 ಆಂಗ್‌ಸ್ಟ್ರಾಮ್ ರೆಸಲ್ಯೂಶನ್" ಅಂದ ಕೂಡ್ಲೇ ಆ ಚಿತ್ರ ಎಷ್ಟು ಸ್ಪಷ್ಟ ಅಂತ ನಮ್ಮ ಕೆಲಸದವರಿಗೆಲ್ಲಾ ಗೊತ್ತಾಗತ್ತೆ. ಇದನ್ನ ಮೀಟರಲ್ಲಿ ಬರೀರಿ ಅಂದ್ರೆ ಪ್ರತೀ ಸಂಖ್ಯೆಗೂ ಒಂದು ಘಾತದ ಬಾಲ, ಆ ಬಾಲದಲ್ಲೇ ತಪ್ಪು ನುಸುಳೋದು ಜಾಸ್ತಿ.

ಎಸ್‌ಐ_ಪಕ್ಷ

ಮೇಲಿನವರ ವಿವರಣೆ ಚೆನ್ನಾಗಿದೆ ಆದ್ರೆ ಕೊನೇ ಮಾತು ಒಪ್ಪಲ್ಲ. 154 ಪಿಕೋಮೀಟರ್, 96 ಪಿಕೋಮೀಟರ್, 74 ಪಿಕೋಮೀಟರ್, ಇದರಲ್ಲೂ ಬಾಲ ಇಲ್ಲ, ದಶಾಂಶ ಚುಕ್ಕೆ ಕೂಡ ಇಲ್ಲ. ನ್ಯಾನೋ, ಪಿಕೋ ಅನ್ನೋ ಪೂರ್ವಪ್ರತ್ಯಯಗಳನ್ನ 1960ರಲ್ಲೇ ಅಧಿಕೃತ ಮಾಡಿದಾರೆ, ಮೈಕ್ರಾನ್ ಅನ್ನೋ ಹೆಸರನ್ನ 1967ರಲ್ಲಿ ತೆಗೆದು ಮೈಕ್ರೋಮೀಟರ್ ಅಂತಲೇ ಹೇಳಿ ಅಂದ್ರು. ಮೂರು ಮೂರು ಸೊನ್ನೆಗೆ ಒಂದು ಮೆಟ್ಟಿಲು, ಮಿಲಿ ಮೈಕ್ರೋ ನ್ಯಾನೋ ಪಿಕೋ ಫೆಮ್ಟೋ ಆಟೋ, ಎಲ್ಲಾ ವಿಭಾಗದವರಿಗೂ ಒಂದೇ ಏಣಿ. ಆಂಗ್‌ಸ್ಟ್ರಾಮ್ 10ರ ಮೈನಸ್ 10, ಆ ಏಣಿಯ ಎರಡು ಮೆಟ್ಟಿಲ ನಡುವೆ ಎಲ್ಲೋ ನೇತಾಡ್ತಾ ಇದೆ. ಹೊಸದಾಗಿ ಕಲಿಯೋರಿಗೆ ಗೊಂದಲ ಆಗೋದು ಇದರಿಂದಲೇ, ಈ ಪ್ರಶ್ನೆನೇ ಅದಕ್ಕೆ ಸಾಕ್ಷಿ. ಕೆಮಿಸ್ಟ್ರಿಯ ಎಷ್ಟೋ ಹೊಸ ಪಠ್ಯಪುಸ್ತಕಗಳು ಪಿಕೋಮೀಟರ್‌ಗೆ ಬಂದಾಗಿದೆ, ಒಳ್ಳೇದೇ ಆಯ್ತು ಅಂತೀನಿ.

ಹಳೇ_ಮೇಷ್ಟ್ರು

ಇಬ್ಬರ ಮಾತಲ್ಲೂ ಹುರುಳಿದೆ. ಆದ್ರೆ ಈ ಆಂಗ್‌ಸ್ಟ್ರಾಮ್ ಎಲ್ಲಿಂದ ಬಂತು ಅಂತ ತಿಳ್ಕೊಂಡ್ರೆ ಅದು ಯಾಕೆ ಏಣಿ ಮೇಲೆ ಕೂರಲ್ಲ ಅಂತ ಗೊತ್ತಾಗತ್ತೆ, ಸ್ವಲ್ಪ ಉದ್ದ ಆಗತ್ತೆ ಆದ್ರೂ ಬರೀತೀನಿ.

ಆಂಡರ್ಸ್ ಆಂಗ್‌ಸ್ಟ್ರಾಮ್ ಸ್ವೀಡನ್ನಿನ ಉಪ್ಸಲಾದವರು. ಸೂರ್ಯನ ಬೆಳಕನ್ನ ಬಣ್ಣ ಬಣ್ಣವಾಗಿ ಹರಡಿದಾಗ ಅದರಲ್ಲಿ ನೂರಾರು ಕಪ್ಪು ಗೆರೆ ಕಾಣತ್ತಲ್ಲ, ಆ ಗೆರೆಗಳ ಅಲೆಯುದ್ದ ಒಂದೊಂದಾಗಿ ಅಳೆದು 1868ರಲ್ಲಿ ಒಂದು ದೊಡ್ಡ ನಕ್ಷೆ ಪ್ರಕಟಿಸಿದ್ರು. ಅವರು ಅಲೆಯುದ್ದ ಬರೆದಿದ್ದು ಮಿಲಿಮೀಟರ್‌ನ ಕೋಟಿಯಲ್ಲಿ ಒಂದು ಭಾಗದ ಲೆಕ್ಕದಲ್ಲಿ, ಯಾಕಂದ್ರೆ ಅವರ ಅಳತೆ ಅಷ್ಟು ಸೂಕ್ಷ್ಮವಾಗಿತ್ತು, ಹಾಗೆ ಬರೆದ್ರೆ ಸೋಡಿಯಂನ ಹಳದಿ ಗೆರೆಗಳು 5890, 5896 ಅಂತ ನಾಲ್ಕಂಕಿಯ ಪೂರ್ಣ ಸಂಖ್ಯೆ ಆಗಿ ಕೂರ್ತವೆ. ಆಗ ನ್ಯಾನೋ ಅನ್ನೋ ಪದವೂ ಇಲ್ಲ ಎಸ್‌ಐ ಅನ್ನೋದೂ ಇಲ್ಲ. ಪರಮಾಣುವಿನ ಗಾತ್ರ ಅವರ ಮನಸ್ಸಲ್ಲಿ ಇರಲೇ ಇಲ್ಲ, ಬೆಳಕಿಗೆ ಅಂತ ಹುಟ್ಟಿದ ಅಳತೆ ಮುಂದೆ ಪರಮಾಣುವಿಗೆ ಮೈಗೆ ಹೊಲಿದ ಹಾಗೆ ಕೂತ್ಕೊಂಡಿತು.

ಆದ್ರೆ ಅವರು ನೆಚ್ಚಿಕೊಂಡಿದ್ದ ಮೀಟರ್ ಪಟ್ಟಿಯ ಉದ್ದದಲ್ಲೇ ಒಂಚೂರು ದೋಷ ಇತ್ತು. ಅದರಿಂದ ಅವರ ಎಲ್ಲಾ ಸಂಖ್ಯೆಗಳೂ ಒಂದೇ ಪ್ರಮಾಣದಲ್ಲಿ ಸ್ವಲ್ಪ ಸರಿದಿದ್ವು. ಅವರು 1874ರಲ್ಲಿ ತೀರಿಕೊಂಡ್ರು, ಜೊತೆಗಾರ ಥಾಲೆನ್ 1884ರಲ್ಲಿ ತಿದ್ದಿದ ಸಂಖ್ಯೆಗಳನ್ನ ಪ್ರಕಟಿಸಿದ್ರು. ಇದಾದ ಮೇಲೆ ವಿಜ್ಞಾನಿಗಳು ಒಂದು ಜಾಣತನ ಮಾಡಿದ್ರು, ಪಟ್ಟಿಯ ಸಹವಾಸನೇ ಬೇಡ ಅಂತ 1907ರಲ್ಲಿ ಕ್ಯಾಡ್ಮಿಯಂನ ಕೆಂಪು ಗೆರೆಯ ಅಲೆಯುದ್ದ 6438.4696 ಆಂಗ್‌ಸ್ಟ್ರಾಮ್ ಅಂತ ನಿಗದಿ ಮಾಡಿಬಿಟ್ರು. ಅಂದ್ರೆ ಆಗ ಆಂಗ್‌ಸ್ಟ್ರಾಮ್ ಮೀಟರಿನ ಒಂದು ತುಂಡು ಆಗಿರಲಿಲ್ಲ, ತನ್ನದೇ ಕಾಲ ಮೇಲೆ ನಿಂತ ಸ್ವತಂತ್ರ ಅಳತೆ. 1960ರಲ್ಲಿ ಮೀಟರನ್ನೇ ಕ್ರಿಪ್ಟಾನ್ ಬೆಳಕಿನ ಅಲೆಯುದ್ದದಿಂದ ವ್ಯಾಖ್ಯಾನ ಮಾಡಿದ ಮೇಲೆ ಎರಡನ್ನೂ ಸೇರಿಸಿ, ಆಂಗ್‌ಸ್ಟ್ರಾಮ್ ಅಂದ್ರೆ ಮೀಟರಿನ ಸಾವಿರ ಕೋಟಿಯಲ್ಲಿ ಒಂದು ಭಾಗ, ಒಂದಿಷ್ಟೂ ಹೆಚ್ಚಿಲ್ಲ ಕಡಿಮೆ ಇಲ್ಲ ಅಂತ ಆಯ್ತು.

ಇದೇ ಥರ ಇನ್ನೊಂದು ಇದೆ, ಎಕ್ಸ್ ಯೂನಿಟ್ ಅಂತ, ಈಗಿನ ಹುಡುಗರು ಕೇಳಿರಲ್ಲ. ಎಕ್ಸ್-ರೇ ಬಂದ ಮೇಲೆ ಮಾನೆ ಸೀಗ್‌ಬಾನ್ ಅನ್ನೋರು, ಇವರೂ ಸ್ವೀಡನ್ನಿನವರೇ, ಎಕ್ಸ್-ರೇ ಅಲೆಯುದ್ದಗಳನ್ನ ಎಷ್ಟು ನಿಖರವಾಗಿ ಹೋಲಿಸೋಕೆ ಶುರು ಮಾಡಿದ್ರು ಅಂದ್ರೆ, ಹರಳಿನ ಪದರಗಳ ದೂರ ಅಷ್ಟು ನಿಖರವಾಗಿ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೆ ಕ್ಯಾಲ್ಸೈಟ್ ಹರಳಿನ ಪದರದ ದೂರ 3029.04 ಎಕ್ಸ್ ಯೂನಿಟ್ ಅಂತ ಇಟ್ಕೊಂಡು ಮುಂದುವರೆದ್ರು. ಸಾವಿರ ಎಕ್ಸ್ ಯೂನಿಟ್ ಅಂದ್ರೆ ಒಂದು ಆಂಗ್‌ಸ್ಟ್ರಾಮ್ ಅನ್ನೋ ಲೆಕ್ಕಾಚಾರದಲ್ಲಿ.

ಹರಳಿನ ಪದರದ ದೂರವನ್ನ ಆಗ ಲೆಕ್ಕ ಹಾಕ್ತಿದ್ದಿದ್ದು ಹರಳಿನ ಸಾಂದ್ರತೆ ಮತ್ತು ಅವೊಗಾಡ್ರೊ ಸಂಖ್ಯೆಯಿಂದ (ಒಂದು ಮೋಲ್ ವಸ್ತುವಲ್ಲಿ ಎಷ್ಟು ಕಣ ಅನ್ನೋ ಸಂಖ್ಯೆ). ಅವೊಗಾಡ್ರೊ ಸಂಖ್ಯೆ ಬರ್ತಿದ್ದಿದ್ದು ಎಲೆಕ್ಟ್ರಾನಿನ ವಿದ್ಯುದಂಶದಿಂದ. ವಿದ್ಯುದಂಶ ಗೊತ್ತಾಗಿದ್ದು ಮಿಲ್ಲಿಕನ್ ಅವರ ಎಣ್ಣೆ ಹನಿ ಪ್ರಯೋಗದಿಂದ. ಆ ಪ್ರಯೋಗದಲ್ಲಿ ಬಳಸಿದ ಗಾಳಿಯ ಸ್ನಿಗ್ಧತೆಯ, ಅಂದ್ರೆ ಅಂಟುತನದ ಬೆಲೆ ಸ್ವಲ್ಪ ಕಮ್ಮಿ ಇತ್ತು. ಅಲ್ಲಿಂದ ವಿದ್ಯುದಂಶ ಸುಮಾರು 0.6 ಶೇಕಡಾ ಕಮ್ಮಿ, ಅವೊಗಾಡ್ರೊ ಸಂಖ್ಯೆ ಅಷ್ಟೇ ಜಾಸ್ತಿ, ಉದ್ದಕ್ಕೆ ಬರುವಾಗ ಘನಮೂಲ ತೆಗೀಬೇಕಲ್ಲ, ಆ 0.6 ಮೂರು ಭಾಗ ಆಗಿ 0.2 ಶೇಕಡಾ. ಗಾಳಿಯ ಅಂಟುತನದಲ್ಲಿ ಆದ ದೋಷ ಹೋಗಿ ಹರಳಿನ ಪರಮಾಣುಗಳ ದೂರದಲ್ಲಿ ಕೂತಿತ್ತು! 1920ರ ದಶಕದಲ್ಲಿ ಗ್ರೇಟಿಂಗ್, ಅಂದ್ರೆ ಸಮ ದೂರದಲ್ಲಿ ಸಾಲಾಗಿ ಗೀರು ಹಾಕಿದ ಫಲಕದ ಮೇಲೆ ಎಕ್ಸ್-ರೇಯನ್ನ ಸವರಿಕೊಂಡು ಹೋಗೋ ಹಾಗೆ ಬಿಟ್ಟು ಅಲೆಯುದ್ದವನ್ನ ನೇರವಾಗಿ ಅಳೆಯೋದು ಸಾಧ್ಯ ಆಯ್ತು, ಆಗ ಎರಡು ದಾರಿಯ ಉತ್ತರ ಹೊಂದಲಿಲ್ಲ, 30ರ ದಶಕದಲ್ಲಿ ಜಾಡು ಹಿಡಿದು ಹೋದಾಗ ಗಾಳಿಯ ಸ್ನಿಗ್ಧತೆವರೆಗೂ ಹೋಗಿ ಮುಟ್ಟಿತು. ನನಗೆ ವಿಜ್ಞಾನದ ಇತಿಹಾಸದಲ್ಲಿ ಬಹಳ ಇಷ್ಟವಾದ ಪತ್ತೆದಾರಿ ಕೆಲಸ ಇದು. ಕೊನೆಗೆ 1947ರ ಹೊತ್ತಿಗೆ ಹಳೇ ಸಂಖ್ಯೆಗಳನ್ನ 1.00202ರಿಂದ ಗುಣಿಸಿದ್ರೆ ನಿಜವಾದ ಆಂಗ್‌ಸ್ಟ್ರಾಮ್ ಅಂತ ತೀರ್ಮಾನ ಆಯ್ತು.

ಹಾಗಾಗಿ ಓದ್ತಾ_ಇದೀನಿ ಅವರೇ, "ಎಲ್ಲಾನೂ ಮೀಟರಲ್ಲೇ ಬರೆದ್ರೆ ಆಗಲ್ವಾ" ಅಂತ ಕೇಳಿದ್ರಲ್ಲ, ಬಹಳ ಕಾಲ ಅದು ಆಗ್ತಿರಲಿಲ್ಲ. ಒಂದು ಗೆರೆಯನ್ನ ಇನ್ನೊಂದು ಗೆರೆ ಜೊತೆ ಹೋಲಿಸೋದು ಏಳು ಅಂಕಿವರೆಗೆ ಸಾಧ್ಯ ಇತ್ತು, ಅದೇ ಗೆರೆಯನ್ನ ಮೀಟರ್ ಪಟ್ಟಿ ಜೊತೆ ಹೋಲಿಸೋದು ಅಷ್ಟು ಚೆನ್ನಾಗಿ ಆಗ್ತಿರಲಿಲ್ಲ. ಮೀಟರಿಗೆ ಬದಲಾಯಿಸಿ ಬರೆದಿದ್ರೆ ಒಳ್ಳೇ ಅಳತೆಯನ್ನ ಕೈಯಾರೆ ಕೆಡಿಸಿದ ಹಾಗೆ ಆಗ್ತಿತ್ತು.

ಓದ್ತಾ_ಇದೀನಿ

ಮೇಷ್ಟ್ರೇ ಇದು ಯಾವ ಪಾಠದಲ್ಲೂ ಇಲ್ಲ, ಬಹಳ ಬಹಳ ಥ್ಯಾಂಕ್ಸ್. ಹಾಗಿದ್ರೆ ಈಗ ಪರಿಸ್ಥಿತಿ ಏನು, ಇವತ್ತು ಯಾರಾದ್ರೂ ಒಂದು ನ್ಯಾನೋಮೀಟರ್ ಅಂದ್ರೆ ಅದು ಮೀಟರ್‌ಗೆ ಸರಿಯಾಗಿ ಕಟ್ಟಿರತ್ತಾ? ಮತ್ತೆ ಫರ್ಮಿ ವಿಷಯ ಯಾರೂ ಹೇಳಲಿಲ್ಲ.

ಹರಳು_ಲ್ಯಾಬ್

ಈಗ ಕಟ್ಟಿರತ್ತೆ. 1983ರಿಂದ ಮೀಟರ್ ಅಂದ್ರೆ ಬೆಳಕು ಒಂದು ಸೆಕೆಂಡಿನ 299792458ನೇ ಒಂದು ಭಾಗದಲ್ಲಿ ಹೋಗೋ ದೂರ. ಲೇಸರ್ ಇಂಟರ್‌ಫೆರೋಮೀಟರ್‌ನಿಂದ (ಅಲೆಗಳನ್ನ ಒಂದರ ಮೇಲೊಂದು ಬೀಳಿಸಿ ದೂರ ಅಳೆಯೋ ಸಾಧನ) ಆ ಮೀಟರನ್ನ ಕೆಳಗೆ ತಂದು, ಅದೇ ಹೊತ್ತಿಗೆ ಎಕ್ಸ್-ರೇ ಇಂಟರ್‌ಫೆರೋಮೀಟರ್‌ನಿಂದ ಸಿಲಿಕಾನ್ ಹರಳಿನ ಪದರಗಳನ್ನ ಒಂದೊಂದಾಗಿ ಎಣಿಸಿ ಎರಡನ್ನೂ ಜೋಡಿಸ್ತಾರೆ. ಹಾಗೆ ಸಿಕ್ಕ ಒಂದು ಪದರದ ದೂರ 192.0155714 ಪಿಕೋಮೀಟರ್ (ಇದು ಮೇಲಿನ 3.136 ಆಂಗ್‌ಸ್ಟ್ರಾಮ್ ಪದರಗಳಲ್ಲ, ಅದೇ ಹರಳಲ್ಲಿ ಬೇರೆ ದಿಕ್ಕಿನ ಪದರಗಳು). ಎಷ್ಟು ಅಂಕಿ ಇದೆ ನೋಡಿ. ಈ ದೂರವನ್ನೇ ಈಗ ನ್ಯಾನೋ ಮಟ್ಟದಲ್ಲಿ ಮೀಟರನ್ನ ಸಾಧಿಸೋ ಅಧಿಕೃತ ದಾರಿಗಳಲ್ಲಿ ಒಂದು ಅಂತ 2019ರಿಂದ ಒಪ್ಪಿಕೊಂಡಿದಾರೆ. ಅಂದ್ರೆ ಮೊದಲು ಮೀಟರಿಂದ ಹರಳು ಅಳೀತಿದ್ರು, ಈಗ ಚಿಕ್ಕ ಜಗತ್ತಲ್ಲಿ ಹರಳೇ ಸ್ಕೇಲ್. ಸಿಲಿಕಾನ್ ಮೇಲ್ಮೈಯನ್ನ ಸರಿಯಾಗಿ ಕಾಯಿಸಿದ್ರೆ ಒಂದೊಂದು ಪರಮಾಣು ಪದರದ ಎತ್ತರದ ಮೆಟ್ಟಿಲು ಮೂಡತ್ತೆ, ಒಂದು ಮೆಟ್ಟಿಲು 0.314 ನ್ಯಾನೋಮೀಟರ್, ಅದರ ಮೇಲೆ ಮೈಕ್ರೋಸ್ಕೋಪಿನ ಸೂಜಿ ಓಡಿಸಿ ಸಾಧನದ ಎತ್ತರದ ಅಳತೆ ಸರಿ ಇದೆಯಾ ನೋಡ್ಕೊಳ್ತಾರೆ. ಮೇಲೆ ಹೇಳಿದ 3.136 ಆಂಗ್‌ಸ್ಟ್ರಾಮ್ ನೆನಪಿದೆಯಲ್ಲ, ಅದೇ ಇದು.

ಆ ಸೂಜಿ ಮೈಕ್ರೋಸ್ಕೋಪ್ ಬಗ್ಗೆ ಒಂದು ಮಾತು. ಬಿನ್ನಿಗ್ ಮತ್ತು ರೋರರ್ 1981ರಲ್ಲಿ ಜ್ಯೂರಿಕ್‌ನಲ್ಲಿ ಮಾಡಿದ ಟನೆಲಿಂಗ್ ಮೈಕ್ರೋಸ್ಕೋಪ್‌ನಲ್ಲಿ ಸೂಜಿ ಮೇಲ್ಮೈಗೆ ಇನ್ನೊಂದು ಆಂಗ್‌ಸ್ಟ್ರಾಮ್‌ನಷ್ಟು ಹತ್ತಿರ ಹೋದ್ರೆ ಎರಡರ ನಡುವೆ ಹರಿಯೋ ಕರೆಂಟ್ ಸುಮಾರು ಹತ್ತು ಪಟ್ಟು ಏರತ್ತೆ. ಅದಕ್ಕೇ ಪರಮಾಣುವಿನ ನೂರನೇ ಒಂದು ಭಾಗದಷ್ಟು ಏರಿಳಿತವೂ ಸಿಗ್ತದೆ. ಇದಕ್ಕೆ 1986ರಲ್ಲಿ ನೊಬೆಲ್ ಬಂತು.

ಮತ್ತೆ ಎಸ್‌ಐ_ಪಕ್ಷ ಅವರಿಗೆ: ಹೊಸ ಪುಸ್ತಕದಲ್ಲಿ ಪಿಕೋಮೀಟರ್ ಬರೀರಿ, ನನ್ನ ತಕರಾರಿಲ್ಲ, ಆದ್ರೆ ದಶಕಗಳಿಂದ ಕೂಡಿಟ್ಟ ಲಕ್ಷಾಂತರ ರಚನೆಗಳು, ಅವನ್ನ ಓದೋ ಸಾಫ್ಟ್‌ವೇರ್ ಎಲ್ಲಾ ಆಂಗ್‌ಸ್ಟ್ರಾಮಲ್ಲಿ ಇದೆ. ಅದನ್ನ ಬದಲಾಯಿಸೋಕೆ ಹೋದ್ರೆ ನೂರು ಪಟ್ಟಿನ ತಪ್ಪುಗಳು ಎಲ್ಲೆಲ್ಲಿ ಹುಟ್ಟತ್ತೋ ಹೇಳಕ್ಕಾಗಲ್ಲ.

ನ್ಯೂಕ್ಲಿಯರ್_ಕಡೆಯವನು

ಫರ್ಮಿ ವಿಷಯಕ್ಕೆ ನಾನು ಬರ್ತೀನಿ. ಫರ್ಮಿ ಮತ್ತು ಫೆಮ್ಟೋಮೀಟರ್ ಎರಡೂ ಒಂದೇ, 10ರ ಮೈನಸ್ 15 ಮೀಟರ್, ನಮ್ಮ ಲೆಕ್ಕದಲ್ಲಿ ಮೀಟರಿನ ಹತ್ತು ಕೋಟಿ ಕೋಟಿಯಲ್ಲಿ ಒಂದು ಭಾಗ. ಹೆಸರು ಎನ್ರಿಕೋ ಫರ್ಮಿ ಅವರದು, ಅವರು 1954ರಲ್ಲಿ ತೀರಿಕೊಂಡ ಮೇಲೆ 1956ರಲ್ಲಿ ರಾಬರ್ಟ್ ಹಾಫ್‌ಸ್ಟಾಟರ್ ಈ ಹೆಸರು ಸೂಚಿಸಿದ್ರು. ಫೆಮ್ಟೋ ಅನ್ನೋದು ಅಧಿಕೃತ ಆಗಿದ್ದು 1964ರಲ್ಲಿ. ಅದೃಷ್ಟಕ್ಕೆ ಎರಡಕ್ಕೂ ಒಂದೇ ಸಂಕೇತ ಎಫ್‌ಎಂ ಅಂತಲೇ ಆಯ್ತು, ಹಾಗಾಗಿ ನಮ್ಮಲ್ಲಿ ಆಂಗ್‌ಸ್ಟ್ರಾಮ್ ಥರ ಜಗಳನೇ ಇಲ್ಲ, ಬರೆಯೋದು ಒಂದೇ, ಬಾಯಲ್ಲಿ ಯಾರಿಗೆ ಏನು ಬೇಕೋ ಅದು ಹೇಳ್ತಾರೆ.

ಅಳೆಯೋದು ಹೇಗೆ ಅಂದ್ರೆ ತತ್ವ ಮೇಲೆ ಹೇಳಿದ್ದೇ, ಅಲೆಯುದ್ದ ವಸ್ತುವಿನ ಗಾತ್ರಕ್ಕೆ ಬರಬೇಕು. ಎಲೆಕ್ಟ್ರಾನಿಗೂ ಅಲೆಯುದ್ದ ಇದೆ, ಶಕ್ತಿ ಜಾಸ್ತಿ ಆದಷ್ಟೂ ಅದು ಚಿಕ್ಕದಾಗತ್ತೆ. ನಮ್ಮಲ್ಲಿ ಎಲ್ರೂ ಬಾಯಿಪಾಠ ಮಾಡ್ಕೊಳ್ಳೋ ಒಂದು ಸಂಖ್ಯೆ 197, ಅಂದ್ರೆ ಪ್ಲಾಂಕ್ ಸ್ಥಿರಾಂಕವನ್ನ 2 ಪೈನಿಂದ ಭಾಗಿಸಿ ಬೆಳಕಿನ ವೇಗದಿಂದ ಗುಣಿಸಿದ್ರೆ 197 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಫರ್ಮಿ ಬರತ್ತೆ (ಮೆಗಾ ಎಲೆಕ್ಟ್ರಾನ್‌ವೋಲ್ಟ್ ಅಂದ್ರೆ ಶಕ್ತಿಯ ಯೂನಿಟ್). ಎಲೆಕ್ಟ್ರಾನಿಗೆ ಸುಮಾರು 200 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಕೊಟ್ರೆ ಅದು ಒಂದು ಫರ್ಮಿ ಆಸುಪಾಸಿನ ವಿವರ ನೋಡೋಕೆ ಶುರು ಮಾಡತ್ತೆ. ಹಾಫ್‌ಸ್ಟಾಟರ್ ಸ್ಟ್ಯಾನ್‌ಫರ್ಡ್‌ನಲ್ಲಿ ಮಾಡಿದ್ದು ಇದನ್ನೇ, ನ್ಯೂಕ್ಲಿಯಸ್ ಮೇಲೆ ಎಲೆಕ್ಟ್ರಾನ್ ಹೊಡೆದು ಯಾವ ಕೋನಕ್ಕೆ ಎಷ್ಟು ಚದುರಿದ್ವು ಅಂತ ಎಣಿಸಿದ್ದು. ಇಲ್ಲೂ ಕೋನವೇ! ಅದರಿಂದ ಬಂದ ಚಿತ್ರ ಏನಂದ್ರೆ ನ್ಯೂಕ್ಲಿಯಸ್ಸಿನ ತ್ರಿಜ್ಯ ಸುಮಾರು 1.2 ಫರ್ಮಿಯನ್ನ ದ್ರವ್ಯಸಂಖ್ಯೆಯ (ಪ್ರೋಟಾನ್ ನ್ಯೂಟ್ರಾನ್ ಒಟ್ಟು ಸಂಖ್ಯೆ) ಘನಮೂಲದಿಂದ ಗುಣಿಸಿದಷ್ಟು. ಚಿನ್ನಕ್ಕೆ 197ರ ಘನಮೂಲ 5.8, ಗುಣಿಸಿದ್ರೆ 7 ಫರ್ಮಿ. ಚಿನ್ನದ ದ್ರವ್ಯಸಂಖ್ಯೆ 197, ಮೇಲಿನ 197 ಬೇರೆ, ಎರಡನ್ನೂ ಕಲಸಿಕೊಳ್ಳಬೇಡಿ.

ಈಗ ಯೂನಿಟ್ ಯಾಕೆ ಬೇರೆ ಅಂತ ನೋಡಿ. ಆ 7 ಫರ್ಮಿಯನ್ನ ಆಂಗ್‌ಸ್ಟ್ರಾಮಲ್ಲಿ ಬರೆದ್ರೆ 0.00007. ಪರಮಾಣುವಿಗೂ ನ್ಯೂಕ್ಲಿಯಸ್ಸಿಗೂ ನಡುವೆ ಹತ್ತು ಸಾವಿರದಿಂದ ಲಕ್ಷ ಪಟ್ಟಿನ ವ್ಯತ್ಯಾಸ ಇದೆ, ನಡುವೆ ಅಳೆಯೋ ವಸ್ತು ಅಂತ ಏನೂ ಇಲ್ಲ ಅನ್ನೋ ಅಷ್ಟು ಖಾಲಿ. ಎರಡು ಬೇರೆ ಬೇರೆ ಜಗತ್ತು, ಎರಡು ಅಳತೆ, ನನಗಂತೂ ಇದು ಸಹಜ ಅನ್ಸತ್ತೆ.

ಮತ್ತೆ ಇದು ಮುಗಿದ ಕಥೆ ಅಂದ್ಕೋಬೇಡಿ. ಪ್ರೋಟಾನ್ ತ್ರಿಜ್ಯ ಸುಮಾರು 0.877 ಫರ್ಮಿ ಅಂತ ಎಲ್ರೂ ಒಪ್ಪಿದ್ರು, 2010ರಲ್ಲಿ ಸ್ವಿಟ್ಜರ್‌ಲೆಂಡಿನ ಪಾಲ್ ಶೆರರ್ ಸಂಸ್ಥೆಯಲ್ಲಿ ಎಲೆಕ್ಟ್ರಾನ್ ಬದಲು ಮ್ಯುವಾನ್ ಸುತ್ತೋ ಹೈಡ್ರೋಜನ್ ಮಾಡಿ ಅಳೆದ್ರು, ಮ್ಯುವಾನ್ ಎಲೆಕ್ಟ್ರಾನ್ ಥರದ್ದೇ ಕಣ, ಅದಕ್ಕಿಂತ ಸುಮಾರು 200 ಪಟ್ಟು ಭಾರ, ಹಾಗಾಗಿ ಪ್ರೋಟಾನಿಗೆ ಅಷ್ಟೇ ಪಟ್ಟು ಹತ್ತಿರ ಸುತ್ತತ್ತೆ, ಪ್ರೋಟಾನ್ ಎಷ್ಟು ದಪ್ಪ ಅನ್ನೋದು ಅದಕ್ಕೆ ಚೆನ್ನಾಗಿ ತಟ್ಟತ್ತೆ. ಉತ್ತರ ಬಂದಿದ್ದು 0.842. ನಾಲ್ಕು ಶೇಕಡಾ ವ್ಯತ್ಯಾಸ ಅಂದ್ರೆ ಈ ಕ್ಷೇತ್ರದಲ್ಲಿ ಭೂಕಂಪ. ಆಮೇಲಿನ ಹಲವು ಪ್ರಯೋಗಗಳು ಚಿಕ್ಕ ಸಂಖ್ಯೆ ಕಡೆಗೇ ಬಂದ್ವು, ಈಗ ಒಪ್ಪಿರೋ ಬೆಲೆ 0.84ರ ಹತ್ರ.

ಚಿಪ್_ಕೆಲಸ

ನಡುವೆ ಒಂದು ಚಿಕ್ಕ ಮಾತು. ಫೋನ್ ಜಾಹೀರಾತಲ್ಲಿ "3 ನ್ಯಾನೋಮೀಟರ್ ಚಿಪ್" ಅಂತ ನೋಡಿ ಅದು ಇಲ್ಲಿ ಹೇಳ್ತಿರೋ ಥರದ ಅಳತೆ ಅಂದ್ಕೋಬೇಡಿ. ಅದು ತಲೆಮಾರಿನ ಹೆಸರು ಅಷ್ಟೇ, ಆ ಚಿಪ್ಪಲ್ಲಿ 3 ನ್ಯಾನೋಮೀಟರ್ ಇರೋ ಗೇಟ್ (ಕರೆಂಟನ್ನ ಬಿಡೋ, ತಡೆಯೋ ಭಾಗ) ಅಂತ ಹುಡುಕಿದ್ರೆ ಸಿಗಲ್ಲ, ಒಂದು ಗೇಟಿಂದ ಪಕ್ಕದ ಗೇಟಿಗೆ ಇರೋ ದೂರ 45-50 ನ್ಯಾನೋಮೀಟರ್ ಹತ್ರ ಇದೆ. ಗೆರೆ ಬರೆಯೋಕೆ ಬಳಸೋ ಅತಿನೇರಳೆ ಬೆಳಕಿನ 13.5 ನ್ಯಾನೋಮೀಟರ್ ಮಾತ್ರ ನಿಜವಾದ ಅಲೆಯುದ್ದ. ಈಗ ಆಂಗ್‌ಸ್ಟ್ರಾಮ್ ಹೆಸರೂ ಬಂದಿದೆ, ಇಂಟೆಲ್‌ನ 18ಎ ಅಂದ್ರೆ 18 ಆಂಗ್‌ಸ್ಟ್ರಾಮ್ ಅನ್ನೋ ಅರ್ಥದಲ್ಲಿ ಇಟ್ಟಿದ್ದು, ಅದೂ ಹೆಸರೇ. ಅಳತೆಯ ಯೂನಿಟ್ ಹೀಗೆ ಅಳತೆನೇ ಇಲ್ದೆ ಓಡಾಡೋದು ಓದೋ ಮಕ್ಕಳಿಗೆ ತಪ್ಪು ಕಲ್ಪನೆ ಕೊಡತ್ತೆ ಅಂತ ನನಗೆ ನಿಜಕ್ಕೂ ಬೇಜಾರು.

ಓದ್ತಾ_ಇದೀನಿ

ಇದು ಗೊತ್ತೇ ಇರಲಿಲ್ಲ, ಒಳ್ಳೇದಾಯ್ತು ಹೇಳಿದ್ದು. ಪ್ಲಾಂಕ್ ಉದ್ದ ಒಂದು ಉಳೀತು, ಅದಕ್ಕಿಂತ ಚಿಕ್ಕದು ಇಲ್ವೇ ಇಲ್ಲ ಅನ್ನೋದು ನಿಜಾನಾ?

ನ್ಯೂಕ್ಲಿಯರ್_ಕಡೆಯವನು

ಆ ಸಾಲು ಪುಸ್ತಕದಲ್ಲಿ ಅಷ್ಟು ಖಡಾಖಂಡಿತವಾಗಿ ಬರೀಬಾರದಿತ್ತು. ಮ್ಯಾಕ್ಸ್ ಪ್ಲಾಂಕ್ 1899ರಲ್ಲಿ ಮಾಡಿದ್ದು ಇಷ್ಟು, ಗುರುತ್ವ ಸ್ಥಿರಾಂಕ, ಬೆಳಕಿನ ವೇಗ, ತಮ್ಮ ಹೆಸರಿನ ಸ್ಥಿರಾಂಕ, ಈ ಮೂರನ್ನ ಸೇರಿಸಿ ಉದ್ದದ ಆಯಾಮ ಬರೋ ಹಾಗೆ ಜೋಡಿಸಿದ್ರು. ಮನುಷ್ಯ ಮಾಡಿದ ಪಟ್ಟಿ, ಹರಳು ಯಾವುದೂ ಬೇಡದ ಅಳತೆ. ಬರೋ ಬೆಲೆ 1.616 ಗುಣಿಸು 10ರ ಮೈನಸ್ 35 ಮೀಟರ್. ಅಲ್ಲಿ ಗುರುತ್ವ ಮತ್ತು ಕ್ವಾಂಟಂ ಎರಡೂ ಒಟ್ಟಿಗೆ ಮುಖ್ಯ ಆಗ್ತವೆ, ನಮ್ಮ ಈಗಿನ ಸಿದ್ಧಾಂತಗಳು ಅಲ್ಲಿ ಕೆಲಸ ಮಾಡ್ತವೆ ಅಂತ ನಂಬೋಕಾಗಲ್ಲ. ಜಾಗ ಅಲ್ಲಿಗೆ ಮುಗಿಯತ್ತೆ ಅಂತ ಯಾವ ಪ್ರಯೋಗವೂ ತೋರಿಸಿಲ್ಲ.

ಪ್ರಯೋಗ ಎಲ್ಲಿವರೆಗೆ ಹೋಗಿದೆ ಅಂದ್ರೆ ಸರ್ನ್‌ನ ದೊಡ್ಡ ಕೊಲೈಡರ್ ಹೆಚ್ಚು ಕಮ್ಮಿ 10ರ ಮೈನಸ್ 19, ಮೈನಸ್ 20 ಮೀಟರ್ ಮಟ್ಟದ ವಿವರ ತಡಕಬಲ್ಲದು. ಪ್ಲಾಂಕ್ ಉದ್ದಕ್ಕೆ ಹೋಗ್ಬೇಕಾದ್ರೆ ಅದರ ಶಕ್ತಿಯನ್ನ 1ರ ಮುಂದೆ 15 ಸೊನ್ನೆ ಹಾಕಿದಷ್ಟು ಪಟ್ಟು ಏರಿಸಬೇಕು. ಗುರುತ್ವ ಅಲೆ ಹುಡುಕೋ ಲೈಗೋ ವೀಕ್ಷಣಾಲಯದವರು 2015ರಲ್ಲಿ ಗುರುತ್ವ ಅಲೆ ಹಿಡಿದಾಗ 4 ಕಿಲೋಮೀಟರ್ ಉದ್ದದ ತೋಳು ಬದಲಾಗಿದ್ದು 10ರ ಮೈನಸ್ 18 ಮೀಟರಿನ ಮಟ್ಟದಲ್ಲಿ, ಪ್ರೋಟಾನಿಗಿಂತ ನೂರಾರು ಪಟ್ಟು ಚಿಕ್ಕದು. ಆದ್ರೆ ಅಲ್ಲಿ ಅಳೆದಿದ್ದು ದೂರದಲ್ಲಾದ ಬದಲಾವಣೆ, ಅಷ್ಟು ಚಿಕ್ಕ ವಸ್ತುವನ್ನ ನೋಡಿದ್ದಲ್ಲ, ಇವೆರಡನ್ನ ಬಹಳ ಜನ ಒಂದೇ ಮಾಡ್ಕೊಂಡುಬಿಡ್ತಾರೆ.

ಯೂನಿಟ್ ಆಗಿ ಬಳಸೋಕೂ ಪ್ಲಾಂಕ್ ಉದ್ದ ಸರಿ ಹೋಗಲ್ಲ, ಕಾರಣ ಗುರುತ್ವ ಸ್ಥಿರಾಂಕ. ಅದು ನಮಗೆ ಐದಾರು ಅಂಕಿಗಿಂತ ಮುಂದೆ ಗೊತ್ತಿಲ್ಲ, ಅದೇ ಸಿಲಿಕಾನ್ ಪದರದ ದೂರ ಎಷ್ಟು ಅಂಕಿ ಇತ್ತು ಮೇಲೆ ನೋಡಿ. 2022ರಲ್ಲಿ ರೊಂಟೋ, ಕ್ವೆಕ್ಟೋ ಅಂತ ಹೊಸ ಪೂರ್ವಪ್ರತ್ಯಯ ಸೇರಿಸಿದ್ರು, ಕ್ವೆಕ್ಟೋ ಅಂದ್ರೆ 10ರ ಮೈನಸ್ 30, ಏಣಿಯ ಆ ಕೊನೇ ಮೆಟ್ಟಿಲಿಂದ ಕೂಡ ಪ್ಲಾಂಕ್ ಉದ್ದ ಇನ್ನೂ ಸುಮಾರು ಅರವತ್ತು ಸಾವಿರ ಪಟ್ಟು ಕೆಳಗಿದೆ.

ಓದ್ತಾ_ಇದೀನಿ

ಎಲ್ರಿಗೂ ಧನ್ಯವಾದ. ಮೇಷ್ಟ್ರೇ, ನಿಮ್ಮ ಮಾತು ಓದಿದ ಮೇಲೆ ಲೈಬ್ರರೀಲಿ 1930ರ ದಶಕದ ಒಂದು ಟೇಬಲ್ ತೆಗೆದು ನೋಡಿದೆ, ಅಡುಗೆ ಉಪ್ಪಿನ ಹರಳಿನ ಪದರದ ದೂರ 2.814 ಆಂಗ್‌ಸ್ಟ್ರಾಮ್ ಅಂತಿದೆ. ಹೊಸ ಪುಸ್ತಕದಲ್ಲಿ 2.820. ಇದು ಅದೇನಾ?

ಹಳೇ_ಮೇಷ್ಟ್ರು

ಅದೇ! 2.814ನ್ನ 1.00202ರಿಂದ ಗುಣಿಸಿ ನೋಡಿ, 2.8197 ಬರತ್ತೆ. ಹಳೇ ಟೇಬಲ್‌ನಲ್ಲಿ ಆಂಗ್‌ಸ್ಟ್ರಾಮ್ ಅಂತ ಅಚ್ಚಾಗಿದ್ರೂ ಅದು ನಿಜವಾಗಿ ಸಾವಿರ ಎಕ್ಸ್ ಯೂನಿಟ್ ಲೆಕ್ಕ. ಆ ಪುಟದಲ್ಲಿ ಉಷ್ಣಾಂಶ ಎಷ್ಟು ಕೊಟ್ಟಿದಾರೆ ಅಂತಲೂ ನೋಡ್ಕೊಳ್ಳಿ, ಆ ಕಾಲದವರು ಸಾಮಾನ್ಯವಾಗಿ 18 ಡಿಗ್ರಿಗೆ ಬರೀತಿದ್ರು, ಈಗಿನವರು 20 ಅಥವಾ 25ಕ್ಕೆ, ಉಪ್ಪು ಬಿಸಿಗೆ ಚೆನ್ನಾಗೇ ಹಿಗ್ಗತ್ತೆ, ನಾಲ್ಕನೇ ದಶಾಂಶಕ್ಕೆ ಬಂದಾಗ ಅದೂ ಲೆಕ್ಕಕ್ಕೆ ಬರತ್ತೆ. ಅದೇ ಟೇಬಲ್‌ನಲ್ಲಿ ಕ್ಯಾಲ್ಸೈಟ್ ಇದ್ರೆ ಅದನ್ನೂ ಗುಣಿಸಿ ಇಲ್ಲಿ ಹಾಕಿ, 3.035ರ ಹತ್ರ ಬರಬೇಕು.